ಪಾಸ್ ಹಿಡಿಯದವನ ಕಾಲನ್ನೂ ನೋಡಬೇಕು

ಮಾನ್ಯ ಸಂಪಾದಕರೇ,

ಕಳೆದ ಸೋಮವಾರದ ಕ್ರೀಡಾ ಪುಟದಲ್ಲಿ ಅಮೆರಿಕನ್ ಫುಟ್‌ಬಾಲ್ ಕುರಿತು ಬಂದ ಬರಹವನ್ನು ಎರಡು ಸಲ ಓದಿದೆ. ಪಾಸ್ ಹಿಡಿಯುವ ಹಕ್ಕೇ ಇಲ್ಲದ ಲೈನ್‌ಮನ್ (ಮುಂದಿನ ಸಾಲಿನ ಆಟಗಾರ) ಎರಡು ಹೆಜ್ಜೆ ಮುಂದೆ ಹೋದನೆಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿ ಗಳಿಸಿದ ಅಂಕ) ರದ್ದುಪಡಿಸುವುದು ಕ್ಷುಲ್ಲಕ ನಿಯಮ ಎಂದು ಲೇಖಕರು ತೀರ್ಪು ಕೊಟ್ಟಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಉಡುಪಿ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದವಳು ನಾನು. ಅಂಗಳದಲ್ಲಿ ನನ್ನ ಕೈಯಿಂದಲೇ ಸುಣ್ಣದ ಗೆರೆ ಎಳೆದು, ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳಲ್ಲಿ ಅಂಪೈರ್ ಆಗಿ ನಿಂತಿದ್ದೇನೆ. ಗೆರೆಯ ಆಚೆ ಬಿದ್ದ ಒಂದು ಕಾಲಿನ ಬೆಲೆ ಏನೆಂದು ನನಗೆ ಗೊತ್ತಿದೆ.

ಅಮೆರಿಕದ ಆ ಆಟ ನನಗೆ ಪರಿಚಯವಾದದ್ದು ಮೊಮ್ಮಗನಿಂದ. ಅವನಿಗೆ ಈಗ ಹದಿನಾರು. ಶಾಲಾ ತಂಡದಲ್ಲಿ ಲೈನ್‌ಬ್ಯಾಕರ್, ಅಂದರೆ ರಕ್ಷಣೆಯ ಎರಡನೆಯ ಸಾಲಿನಲ್ಲಿ ನಿಂತು ಎದುರಾಳಿಯ ಓಟವನ್ನೂ ಪಾಸನ್ನೂ ತಡೆಯಬೇಕಾದವನು. ಮೊದಲು ಅವರು ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿದ್ದರು. ಅಳಿಯನ ಉದ್ಯೋಗದ ಕಾರಣ ಓಹಿಯೋದ ಕೊಲಂಬಸ್‌ಗೆ ಬಂದರು. ನಾನು ಎರಡೂ ಊರುಗಳಲ್ಲಿ ಕೆಲವು ತಿಂಗಳು ಇದ್ದು, ಶುಕ್ರವಾರ ರಾತ್ರಿಯ ಪಂದ್ಯಗಳನ್ನು ಕಂಬಳಿ ಹೊದ್ದು ಕುಳಿತು ನೋಡಿದ್ದೇನೆ.

ಮೊದಲು ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಆ ಬರಹದಲ್ಲಿ ಇದು ಬಂದೇ ಇರಲಿಲ್ಲ. ದಾಳಿ ಮಾಡುವ ತಂಡದ ಹನ್ನೊಂದು ಮಂದಿಯಲ್ಲಿ ಮುಂದಿನ ಸಾಲಿನ ನಡುವಿನ ಐವರು, ಅಂದರೆ ಒಬ್ಬ ಸೆಂಟರ್, ಇಬ್ಬರು ಗಾರ್ಡ್, ಇಬ್ಬರು ಟ್ಯಾಕಲ್, ಮುಂದಕ್ಕೆ ಎಸೆದ ಪಾಸನ್ನು ಹಿಡಿಯುವಂತಿಲ್ಲ. ಅಡ್ಡಗಟ್ಟುವುದು ಅವರ ಕೆಲಸ. ಆಟ ಓಟದ್ದಾದರೆ ಅವರು ಮುಂದೆ ನುಗ್ಗಿ ಎದುರಾಳಿಗಳನ್ನು ದೂಡುತ್ತಾರೆ. ಪಾಸ್ ಆದರೆ ಹಿಂದೆ ಸರಿದು, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಪಾಡುತ್ತಾರೆ. ಮುಂದಕ್ಕೆ ಎಸೆಯುವ ಪಾಸಿಗೆ 1906ರಲ್ಲಿ ಒಪ್ಪಿಗೆ ಸಿಕ್ಕಿದಂದಿನಿಂದಲೂ ಸಾಲಿನ ನಡುವಿನವರಿಗೆ ಅದನ್ನು ಹಿಡಿಯುವ ಹಕ್ಕಿಲ್ಲ. ಹೀಗಾಗಿ ಲೈನ್‌ಬ್ಯಾಕರ್‌ಗೆ ತರಬೇತುದಾರ ಹೇಳಿಕೊಡುವ ಮೊದಲ ಪಾಠಗಳಲ್ಲಿ ಇದೂ ಒಂದು: ಚೆಂಡಿನ ಹಿಂದೆ ಕಣ್ಣು ಓಡಿಸಬೇಡ, ಗಾರ್ಡ್‌ನನ್ನು ನೋಡು. ಅವನು ಮುಂದೆ ಬಂದರೆ ಓಟ, ಹಿಂದೆ ಸರಿದರೆ ಪಾಸ್.

ರನ್-ಪಾಸ್ ಆಪ್ಷನ್ ಎಂಬ ತಂತ್ರ ಕೈ ಹಾಕುವುದು ಇದೇ ಪಾಠಕ್ಕೆ. ಲೈನ್‌ಮನ್‌ಗಳೆಲ್ಲ ಓಟದ ಆಟದಂತೆಯೇ ಮುಂದೆ ನುಗ್ಗುತ್ತಾರೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಡುವವನ ಹೊಟ್ಟೆಗೆ ಹಿಡಿದುಕೊಂಡೇ ರಕ್ಷಣೆಯ ಒಬ್ಬನ ಮೇಲೆ ಕಣ್ಣಿಟ್ಟಿರುತ್ತಾನೆ. ಆ ಒಬ್ಬ ಓಟ ತಡೆಯಲು ಮುಂದೆ ಬಂದರೆ ಚೆಂಡನ್ನು ಹಿಂದಕ್ಕೆ ಎಳೆದು ಅವನು ಬಿಟ್ಟುಬಂದ ಜಾಗಕ್ಕೆ ಎಸೆಯುತ್ತಾನೆ. ಬಾರದಿದ್ದರೆ ಚೆಂಡನ್ನು ಓಡುವವನಿಗೆ ಕೊಡುತ್ತಾನೆ. ಇದು ಜಾಣತನದ ಆಟ, ಅನುಮಾನವೇ ಇಲ್ಲ. ಆದರೆ ಪಾಸ್ ಎಸೆದ ಕ್ಷಣದಲ್ಲಿ ಆ ಲೈನ್‌ಮನ್‌ಗಳು ಎಲ್ಲಿದ್ದಾರೆ? ನಿಯಮ ಕೇಳುವುದು ಈ ಒಂದು ಪ್ರಶ್ನೆಯನ್ನು. ಚೆಂಡು ಆಟಕ್ಕಿಳಿಯುವ ಗೆರೆಯಿಂದ ಮಿತಿ ಮೀರಿ ಮುಂದೆ ಹೋಗಿದ್ದರೆ ಐದು ಗಜ ದಂಡ. ಅಲ್ಲಿಗೆ ಹೋಗಿ, ಪಾಸ್ ತಡೆಯಬೇಕಾದ ಎದುರಾಳಿಯನ್ನು ಅಡ್ಡಗಟ್ಟಿದರೆ ಅದು ಬೇರೆಯೇ ತಪ್ಪು, ಪಾಸಿಗೆ ಅಡ್ಡಿ. ವೃತ್ತಿಪರ ಲೀಗ್‌ನಲ್ಲಿ ಹತ್ತು ಗಜ, ಕಾಲೇಜಿನಲ್ಲಿ ಹದಿನೈದು ಗಜ ದಂಡ.

ಈ ಮಿತಿ ಎಷ್ಟು ಎಂಬುದೇ ನನ್ನ ದೂರು. ವೃತ್ತಿಪರರ ಎನ್‌ಎಫ್‌ಎಲ್‌ನಲ್ಲಿ ಒಂದು ಗಜ. ಕಾಲೇಜಿನಲ್ಲಿ ಮೂರು ಗಜ. ಬಹುತೇಕ ರಾಜ್ಯಗಳ ಶಾಲೆಗಳಲ್ಲಿ ಎರಡು ಗಜ. ಟೆಕ್ಸಾಸ್‌ನ ಶಾಲೆಗಳು ಮಾತ್ರ ಕಾಲೇಜಿನ ನಿಯಮ ಪುಸ್ತಕವನ್ನು ಅನುಸರಿಸುವುದರಿಂದ ಅಲ್ಲಿ ಮಕ್ಕಳಿಗೂ ಮೂರು ಗಜ. ನನ್ನ ಮೊಮ್ಮಗ ಡಲ್ಲಾಸ್‌ನಿಂದ ಕೊಲಂಬಸ್‌ಗೆ ಬಂದಾಗ ಆಟ ಅದೇ, ಚೆಂಡು ಅದೇ, ಅವನು ನಂಬಬೇಕಾದ ಗುರುತು ಮಾತ್ರ ಒಂದು ಗಜ ಹಿಂದೆ ಸರಿಯಿತು. ಇನ್ನು ಕಾಲೇಜು ಸೇರಿದರೆ ಮತ್ತೆ ಮೂರು. ನಮ್ಮ ಕಬಡ್ಡಿ ಅಂಕಣದಲ್ಲಿ ಲಾಬಿಯ, ಅಂದರೆ ಇಕ್ಕೆಲದ ಪಟ್ಟಿಯ, ಅಗಲ ಒಂದು ಮೀಟರ್. ಒಂದು ಗಜವೆಂದರೆ ಅದಕ್ಕಿಂತ ಕೊಂಚ ಕಡಿಮೆ. ಕಾರ್ಕಳದಲ್ಲಿ ಒಂದು ಮೀಟರ್, ಕುಂದಾಪುರದಲ್ಲಿ ಮೂರು ಮೀಟರ್ ಲಾಬಿ ಎಂದರೆ ನಮ್ಮ ಮಕ್ಕಳು ಹೇಗೆ ಆಡಿಯಾರು?

ಡಲ್ಲಾಸ್‌ನ ಒಂದು ರಾತ್ರಿಯನ್ನು ಹೇಳಲೇಬೇಕು. ಎದುರಾಳಿ ತಂಡದ ಎಡ ಗಾರ್ಡ್ ಗೂಳಿಯಂತೆ ಮುಂದೆ ನುಗ್ಗಿದ. ಇದು ಓಟವೆಂದು ತಿಳಿದು ಮೊಮ್ಮಗ ಸಂದಿ ಮುಚ್ಚಲು ಎರಡು ಹೆಜ್ಜೆ ಮುಂದಿಟ್ಟ. ಚೆಂಡು ಅವನ ತಲೆಯ ಮೇಲಿನಿಂದ ಹಾರಿ, ಅವನು ಬಿಟ್ಟುಬಂದ ಜಾಗದಲ್ಲೇ ಒಬ್ಬನ ಕೈಸೇರಿತು. ಟಚ್‌ಡೌನ್. ಅವನ ತರಬೇತುದಾರರು ಇಡೀ ಮೈದಾನಕ್ಕೆ ಕೇಳುವಂತೆ ಬೈದರು. ಮನೆಗೆ ಬಂದ ಮೇಲೆ, ಅಳಿಯ ಮೊಬೈಲಿನಲ್ಲಿ ತೆಗೆದ ವಿಡಿಯೋವನ್ನು ನಿಧಾನಗೊಳಿಸಿ ನೋಡಿದೆವು. ಚೆಂಡು ಕೈಬಿಡುವ ಹೊತ್ತಿಗೆ ಆ ಗಾರ್ಡ್ ಯಾರನ್ನೂ ಮುಟ್ಟದೆ ಗೆರೆಯಿಂದ ನಾಲ್ಕು ಗಜದಷ್ಟು ಮುಂದಿದ್ದ. ಅಲ್ಲಿಯ ಸಡಿಲ ನಿಯಮದ ಪ್ರಕಾರವೂ ಅದು ತಪ್ಪೇ. ತಪ್ಪಿನ ಗುರುತಾಗಿ ಯಾವ ಅಂಪೈರೂ ಬಾವುಟ ಎಸೆದಿರಲಿಲ್ಲ. "ಅಜ್ಜಿ, ನಾನು ಚೆಂಡನ್ನು ನೋಡಬೇಕೋ, ಗಾರ್ಡನ್ನು ನೋಡಬೇಕೋ?" ಎಂದು ಹುಡುಗ ಕೇಳಿದ. ಮಕ್ಕಳಿಗೆ ಇಂಥ ಪ್ರಶ್ನೆಗೆ ಉತ್ತರ ಹೇಳಿಯೇ ಸಂಬಳ ಪಡೆದವಳು ನಾನು. ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಅಂಪೈರ್‌ಗಳನ್ನು ನಾನು ಹಳಿಯುತ್ತಿಲ್ಲ. ಚೆಂಡು ಕೈಬಿಟ್ಟ ಕ್ಷಣವನ್ನೂ, ಹತ್ತು ಗಜ ದೂರದಲ್ಲಿರುವ ಇನ್ನೊಬ್ಬನ ಕಾಲನ್ನೂ ಒಂದೇ ಕಣ್ಣು ಒಟ್ಟಿಗೆ ಹಿಡಿಯಬೇಕು. ನಾನೂ ಒಮ್ಮೆ ಇದರಲ್ಲಿ ಸೋತಿದ್ದೇನೆ. ಬಾಲಕಿಯರ ಪಂದ್ಯವೊಂದರಲ್ಲಿ ರೈಡರ್ ಮೊದಲು ಲಾಬಿಗೆ ಕಾಲಿಟ್ಟು ಆಮೇಲೆ ಎದುರಾಳಿಯನ್ನು ಮುಟ್ಟಿದ್ದಳು. ನನ್ನ ಕಣ್ಣು ಅವಳ ಕೈಯ ಮೇಲಿತ್ತು; ಕಾಲನ್ನು ನೋಡಲಿಲ್ಲ. ಔಟ್ ಆಗಬೇಕಾದವಳು ರೈಡರ್. ನಾನು ಹೊರಗೆ ಕಳಿಸಿದ್ದು ಮುಟ್ಟಿಸಿಕೊಂಡ ಹುಡುಗಿಯನ್ನು. ಅವಳು ಏನೂ ಹೇಳದೆ ಹೋಗಿ ಕುಳಿತಳು. ಆ ಮುಖ ಇಪ್ಪತ್ತು ವರ್ಷಗಳ ಮೇಲೂ ನನಗೆ ನೆನಪಿದೆ. ಮುಂದಿನ ಪಂದ್ಯಾಟದಿಂದ, ಗೆರೆ ಕಾಯುವವರು ಕಾಲನ್ನಲ್ಲದೆ ಬೇರೇನನ್ನೂ ನೋಡಬಾರದು ಎಂದು ಹಟ ಹಿಡಿದು ವ್ಯವಸ್ಥೆ ಮಾಡಿಸಿದೆ. ಫುಟ್‌ಬಾಲ್‌ನಲ್ಲೂ ಪಾಸ್ ಎಸೆಯುವ ತನಕ ಆ ಐವರ ಕಾಲನ್ನಷ್ಟೇ ನೋಡುವ ಒಬ್ಬ ಅಧಿಕಾರಿ ಬೇಕು.

ಒಂದೇ ಆಟಕ್ಕೆ ಎರಡು ಪುಸ್ತಕ ಇದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಓದುಗರು ಹಾಂಗ್‌ಝೌನಲ್ಲಿ ಕಂಡಿದ್ದಾರೆ. 2023ರ ಅಕ್ಟೋಬರ್ 7, ಏಷ್ಯನ್ ಕ್ರೀಡಾಕೂಟದ ಪುರುಷರ ಕಬಡ್ಡಿ ಫೈನಲ್, ಭಾರತ ಮತ್ತು ಇರಾನ್. ಅಂಕ 28–28. ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಹೋದರು, ಇರಾನಿನ ರಕ್ಷಕರು ಅವರ ಬೆನ್ನಿಗೇ ಲಾಬಿಗೆ ನುಗ್ಗಿದರು. ಹಳೆಯ ನಿಯಮದಂತೆ ಲಾಬಿಗೆ ಬಂದವರೆಲ್ಲರೂ ಔಟ್. ಹೊಸ ನಿಯಮದಂತೆ ರೈಡರ್ ಮಾತ್ರ ಔಟ್. ಯಾವುದು ಅನ್ವಯ ಎಂದು ತೀರ್ಮಾನವಾಗದೆ ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತ 33–29ರಿಂದ ಗೆದ್ದಿತು, ಚಿನ್ನ ಬಂತು. ಆದರೆ ನಮ್ಮ ಓಣಿಯ ಟಿವಿಯ ಮುಂದೆ ಕುಳಿತಿದ್ದ ಹುಡುಗರಿಗೆ ನಿಯಮ ಯಾವುದೆಂದು ಹೇಳಲು ನನಗೆ ಆಗಲಿಲ್ಲ.

ಫುಟ್‌ಬಾಲ್‌ನಲ್ಲಿ ಇಂಥದೇ ಹಳೆಯ ಗಾಯ 2013ರ ನವೆಂಬರ್ 30ರದು. ಆಬರ್ನ್ ಮತ್ತು ಅಲಬಾಮ ವಿಶ್ವವಿದ್ಯಾಲಯಗಳ ಪಂದ್ಯದಲ್ಲಿ ಇನ್ನು 32 ಸೆಕೆಂಡು ಇರುವಾಗ ಆಬರ್ನ್ ತಂಡ ಓಟದಂತೆ ಆರಂಭಿಸಿ 39 ಗಜದ ಪಾಸ್ ಎಸೆದು ಸಮಗೊಳಿಸಿತು. ಅಲ್ಲಿಯೂ ಅಂಕ 28–28 ಆದದ್ದು ಕಾಕತಾಳೀಯ. ಆಬರ್ನ್ 34–28ರಿಂದ ಗೆದ್ದ ಮೇಲೆ, ಅದರ ಲೈನ್‌ಮನ್‌ಗಳು ಎಷ್ಟು ಮುಂದಿದ್ದರು ಎಂಬ ಚರ್ಚೆ ಎದ್ದಿತು. 2015ರಲ್ಲಿ ಕಾಲೇಜು ನಿಯಮ ಸಮಿತಿಯೇ ಮೂರು ಗಜವನ್ನು ಒಂದಕ್ಕೆ ಇಳಿಸುವ ಪ್ರಸ್ತಾವ ಮುಂದಿಟ್ಟಿತ್ತು. ಅದು ಜಾರಿಗೆ ಬರಲಿಲ್ಲ. ಬರಬೇಕಿತ್ತು.

ನಿಯಮ ಬಿಗಿಯಾದರೆ ಈ ತಂತ್ರವೇ ಸಾಯುತ್ತದೆ ಎಂಬ ವಾದವನ್ನು ನಿಮ್ಮ ಲೇಖಕರೂ ಎತ್ತಿದ್ದಾರೆ. ಹಾಗಿದ್ದರೆ 2018ರ ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್‌ನ ಫೈನಲ್, ನೋಡಲಿ. ಇಲ್ಲಿ ಸೋಮವಾರ ಬೆಳಗ್ಗೆ ಐದು ಗಂಟೆ, ನಾನು ಚಹಾ ಇಟ್ಟುಕೊಂಡು ನೋಡಿದ ಮೊದಲ ಸೂಪರ್ ಬೌಲ್ ಅದು. ಫಿಲಡೆಲ್ಫಿಯಾ ಈಗಲ್ಸ್ ಆ ಋತುವಿನಲ್ಲಿ ಇದೇ ತಂತ್ರವನ್ನು ನೆಚ್ಚಿಕೊಂಡು, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನು 41–33ರಿಂದ ಸೋಲಿಸಿತು. ಅಲ್ಲಿದ್ದದ್ದು ಒಂದೇ ಗಜದ ಮಿತಿ. ಮಿತಿ ಕಿರಿದಾದಾಗ ಕ್ವಾರ್ಟರ್‌ಬ್ಯಾಕ್ ಬೇಗ ನಿರ್ಧರಿಸಬೇಕಾಗುತ್ತದೆ, ಲೈನ್‌ಮನ್ ಗೆರೆಯಲ್ಲೇ ಎದುರಾಳಿಯನ್ನು ಹಿಡಿದು ನಿಲ್ಲಿಸಲು ಕಲಿಯಬೇಕಾಗುತ್ತದೆ. ಅದೂ ಕೌಶಲವೇ ಅಲ್ಲವೇ?

ಲೈನ್‌ಮನ್‌ಗೆ ತನ್ನ ಬೆನ್ನ ಹಿಂದೆ ಚೆಂಡು ಏನಾಯಿತೆಂದು ತಿಳಿಯುವುದಿಲ್ಲ, ಆ ಹುಡುಗನದು ತಪ್ಪಲ್ಲ ಎಂಬ ಮಾತೂ ಆ ಬರಹದಲ್ಲಿದೆ. ನಿಜ. ಅವನದು ತಪ್ಪಲ್ಲ. ತಡವಾಗಿ ಎಸೆದವನದು, ಹಾಗೆ ಎಸೆಯಲು ಕಲಿಸಿದವರದು. ದಂಡ ಬೀಳುವುದೂ ತಂಡಕ್ಕೇ. ಆದರೆ ಎದುರು ನಿಂತ ಲೈನ್‌ಬ್ಯಾಕರ್‌ನ ಪಾಡನ್ನು ಲೇಖಕರು ಒಂದು ವಾಕ್ಯದಲ್ಲೂ ಹೇಳಲಿಲ್ಲ. ಚೆಂಡಿನಿಂದ ಅವನನ್ನು ವಂಚಿಸಲಿ, ಕಣ್ಣಿನಿಂದ ವಂಚಿಸಲಿ, ಕಬಡ್ಡಿಯಲ್ಲಿ ನಾವೂ ಸುಳ್ಳು ಒದೆತ ತೋರಿಸುತ್ತೇವೆ. ನಿಯಮ ಪುಸ್ತಕವೇ ಮಾತು ಕೊಟ್ಟ ಗುರುತನ್ನು ಮಾತ್ರ ಅವನಿಂದ ಕಸಿಯಬಾರದು.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ, ಸೊಂಟದ ಪಟ್ಟಿ ಕಿತ್ತು ಆಟಗಾರನನ್ನು ತಡೆಯುವ ಫ್ಲ್ಯಾಗ್ ಫುಟ್‌ಬಾಲ್ ಇದೆ. ಅದರಲ್ಲಿ ತಂಡಕ್ಕೆ ಐವರು, ಅಡ್ಡಗಟ್ಟುವುದಕ್ಕೇ ಅವಕಾಶವಿಲ್ಲ, ಹೀಗಾಗಿ ಈ ತಂಟೆಯೂ ಇಲ್ಲ. ಆದರೂ ಆ ಹೊತ್ತಿಗೆ ನಮ್ಮ ಮಕ್ಕಳು ದೊಡ್ಡ ಆಟವನ್ನೂ ಟಿವಿಯಲ್ಲಿ ನೋಡುತ್ತಾರೆ, ನಿಮ್ಮ ಪುಟವನ್ನೂ ಓದುತ್ತಾರೆ. ಆದ್ದರಿಂದ ಒಂದು ಕೋರಿಕೆ. ಮುಂದಿನ ಸಲ ಇಂಥ ತೀರ್ಪಿನ ಬಗ್ಗೆ ಬರೆಯುವಾಗ ಚೆಂಡು ಹಿಡಿದು ಸಂಭ್ರಮಿಸುವವನ ಚಿತ್ರದ ಪಕ್ಕದಲ್ಲಿ, ಪಾಸ್ ಎಸೆದ ಕ್ಷಣದ ಇನ್ನೊಂದು ಚಿತ್ರವನ್ನೂ ಹಾಕಿ. ಗೆರೆ ಕಾಣುವಂತಿರಲಿ, ಐವರ ಕಾಲುಗಳೂ ಕಾಣುವಂತಿರಲಿ.

ಇತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ,
ಕಲ್ಯಾಣಪುರ, ಉಡುಪಿ