ನಿಮ್ಮ ಸಹಾಯದ ಕರೆಯೇ ವಿಡಿಯೋ ಕಡಿಯುತ್ತಿದೆ

ಇವರಿಂದ: ರೋಗಿಗಳಿಗೆ ವಿಡಿಯೋ ಭೇಟಿ ಜೋಡಿಸಿಕೊಡುವ ಸ್ವಯಂಸೇವಕರು, ಪೆರ್ಲ, ಕಾಸರಗೋಡು ಜಿಲ್ಲೆ

ಇವರಿಗೆ: ದೂರು ವಿಭಾಗದ ಮುಖ್ಯಸ್ಥರು, ವಿಡಿಯೋ ವೈದ್ಯಕೀಯ ಸೇವೆಯ ಕಂಪನಿ

ವಿಷಯ: ಕಡಿದುಹೋದ ಭೇಟಿಗೆ ‘ರೋಗಿ ಗೈರು’ ಎಂದು ಬರೆದು ಶುಲ್ಕ ಹಿಡಿದಿಟ್ಟುಕೊಂಡಿರುವುದು

ಮಾನ್ಯರೇ,

ಡಾಕ್ಟರರು ಪರದೆಯಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೇ ನಿಮ್ಮ ಸಹಾಯವಾಣಿಯವರು ಅದೇ ಫೋನಿಗೆ ಕರೆ ಮಾಡಿ “ಕನೆಕ್ಟ್ ಆಯಿತಾ?” ಎಂದು ವಿಚಾರಿಸುತ್ತಾರೆ. ಅಲ್ಲಿಯವರೆಗೆ ಆಗಿತ್ತು, ಕರೆ ಎತ್ತಿದ ಮೇಲೆ ಇಲ್ಲ. ಗಡಿಯ ಈ ಮಗ್ಗುಲಲ್ಲಿ ಅನೇಕರ ಫೋನಿನಲ್ಲಿ ಎರಡು ಸಿಮ್: ಒಂದು ಕೇರಳದ್ದು, ಒಂದು ಕರ್ನಾಟಕದ್ದು. ಸಾಧಾರಣ ಫೋನುಗಳಲ್ಲಿ ಒಂದು ಸಿಮ್‌ನಲ್ಲಿ ಮಾತಾಡುವಾಗ ಇನ್ನೊಂದರ ಡೇಟಾ ನಿಂತುಬಿಡುತ್ತದೆ. ಸಿಮ್ ಒಂದೇ ಆದರೂ ವಿಓಎಲ್‌ಟಿಇ (4ಜಿಯಲ್ಲೇ ಕರೆ ಮಾತಾಡುವ ವ್ಯವಸ್ಥೆ) ಆಫ್ ಇದ್ದರೆ ಕರೆ ಬಂದಾಗ ಫೋನ್ 4ಜಿ ಬಿಟ್ಟು ಹಳೆಯ, ನಿಧಾನದ ನೆಟ್‌ವರ್ಕಿಗೆ ಇಳಿಯುತ್ತದೆ. ವಿಡಿಯೋ ಹೆಪ್ಪುಗಟ್ಟುತ್ತದೆ, ಐದು ನಿಮಿಷ ಕಳೆದರೆ ನಿಮ್ಮ ಆ್ಯಪ್ ‘ಗೈರು’ ಎನ್ನುತ್ತದೆ. ಇದು ರೋಗಿಯ ತಪ್ಪು ಹೇಗಾಗುತ್ತದೆ?

ವಿಚಾರಿಸುವುದಿದ್ದರೆ ಹಿಂದಿನ ದಿನವೇ ವಿಚಾರಿಸಿ. ಭೇಟಿಯ ಹೊತ್ತಿಗೆ ಕರೆ ಬೇಕೆಂದಾದರೆ ಮನೆಯ ಇನ್ನೊಬ್ಬರ ನಂಬರ್ ಮೊದಲೇ ಬರೆದುಕೊಳ್ಳಿ.

ಇನ್ನೊಂದು, ಮೈಕ್ ಅನುಮತಿ. ಆ್ಯಪ್ ತೆರೆದ ತಕ್ಷಣ, ಏಕೆ ಎಂದು ಹೇಳದೆ, ಅನುಮತಿ ಕೇಳುತ್ತೀರಿ. ಹೆದರಿದವರು ‘ಬೇಡ’ ಒತ್ತುತ್ತಾರೆ. ಆಂಡ್ರಾಯ್ಡ್ 11ರಿಂದೀಚೆಗೆ ಎರಡು ಸಲ ನಿರಾಕರಿಸಿದರೆ ಆ ಪ್ರಶ್ನೆ ಮತ್ತೆ ಬರುವುದಿಲ್ಲ. ಡಾಕ್ಟರರಿಗೆ ಮುಖ ಕಾಣುತ್ತದೆ, ದನಿ ಕೇಳುವುದಿಲ್ಲ. ಆ್ಯಪ್ ಐಕಾನನ್ನು ಒತ್ತಿ ಹಿಡಿದು, ‘ಆ್ಯಪ್ ಮಾಹಿತಿ’, ‘ಅನುಮತಿಗಳು’, ‘ಮೈಕ್ರೋಫೋನ್’ಗೆ ಹೋಗಿ ಸರಿಪಡಿಸಬೇಕು. ಈ ದಾರಿ ನಿಮ್ಮ ಸಹಾಯ ಪುಟದಲ್ಲಿಲ್ಲ. ಇರುವ ಪುಟವೂ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ.

ಮದ್ದಿನ ಚೀಟಿ ತೋರಿಸಲು ಹಿಂದಿನ ಕ್ಯಾಮೆರಾ ಬೇಕು. ಅಗ್ಗದ ಫೋನಿನ ಮುಂದಿನ ಕ್ಯಾಮೆರಾಕ್ಕೆ ಹತ್ತಿರದ ಅಕ್ಷರ ಹಿಡಿಯುವ ಫೋಕಸ್ ಇರುವುದಿಲ್ಲ, ಎಷ್ಟು ಹತ್ತಿರ ಹಿಡಿದರೆ ಅಷ್ಟು ಮಸುಕು. ಕ್ಯಾಮೆರಾ ತಿರುಗಿಸುವ ಬಟನ್ ಮಾತ್ರ ಮೂರು ಚುಕ್ಕಿಗಳ ಮರೆಯಲ್ಲಿ!

ನೆಟ್‌ವರ್ಕ್ ದುರ್ಬಲ ಎಂಬ ನಿಮ್ಮ ಮಾತು ಸುಳ್ಳಲ್ಲ, ಗುಡ್ಡದ ಊರು. ಆದರೆ 2020ರ ಮಾರ್ಚ್ 25ರ ಕೇಂದ್ರದ ಟೆಲಿಮೆಡಿಸಿನ್ ಮಾರ್ಗಸೂಚಿ ವಿಡಿಯೋದ ಜೊತೆಗೆ ಧ್ವನಿ, ಬರಹವನ್ನೂ ಒಪ್ಪುತ್ತದೆ. ಯಾವುದು ಸಾಕೆಂದು ವೈದ್ಯರೇ ತೀರ್ಮಾನಿಸಬಹುದು. ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ 15 ನಿಮಿಷದ ವಿಡಿಯೋಕ್ಕೆ ಸುಮಾರು 110 ಎಂಬಿ ಹೋಗುತ್ತದೆ, ಬರೇ ಧ್ವನಿಗೆ ಅದರ ಹತ್ತನೇ ಒಂದು ಪಾಲೂ ಬೇಡ. ಬಿ.ಪಿ., ಶುಗರ್ ಮದ್ದು ಮುಂದುವರಿಸುವುದಕ್ಕೆ ಮಾತೇ ಸಾಕಾಗುವುದುಂಟು. ‘ಧ್ವನಿಗೆ ಬದಲಿಸಿ’ ಎಂಬ ಒಂದು ಬಟನ್ ಡಾಕ್ಟರರ ಪರದೆಯಲ್ಲಿಡಿ.

ಲಗತ್ತಿಸಿದ ಬುಕಿಂಗ್ ಸಂಖ್ಯೆಗಳ ಶುಲ್ಕ ಮರಳಿಸಿ, ‘ಗೈರು’ ಗುರುತು ಅಳಿಸಿ. ಮರುಪತ್ರ ಕನ್ನಡದಲ್ಲಿರಲಿ, ರೋಗಿಗಳಿಗೆ ಓದಿ ಹೇಳಬೇಕಾಗಿದೆ.

ಇತಿ,
ಪೆರ್ಲದ ಸ್ವಯಂಸೇವಕರು