ಪುಟ್ಟನ ಲೆನ್ಸಿನ ವಿಚಾರವಾಗಿ ಊರಿಗೊಂದು ಕಾಗದ

ಡಾಂಕಾಸ್ಟರ್, ಇಂಗ್ಲೆಂಡ್
ಸಂಕ್ರಾಂತಿ ಕಳೆದ ಭಾನುವಾರ

ಪೂಜ್ಯ ಅಪ್ಪಾಜಿ, ಅಮ್ಮನವರಿಗೆ ಮಗಳ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಇಲ್ಲಿ ಎಲ್ಲರೂ ಆರೋಗ್ಯ. ಹಬ್ಬಕ್ಕೆ ಎಳ್ಳು ಬೀರಿದ್ದಾಯ್ತು, ಅಚ್ಚು ಬೆಲ್ಲವೂ ಸಿಕ್ತು. ಗೌರಿ ಕರು ಹಾಕಿದ್ದು, ದೊಡ್ಡಪ್ಪ ಮೇಲುಕೋಟೆಗೆ ಹೋಗಿ ಬಂದಿದ್ದು ಎಲ್ಲ ತಿಳೀತು.

ಅಮ್ಮ, ನಿನ್ನ ಕಾಗದದ ಕೊನೇ ಪುಟ ಓದಿದಾಗಿಂದ ಬೇರೆ ಯೋಚನೆನೇ ಬರ್ತಿಲ್ಲ. ಕಬ್ಬಿನ ದುಡ್ಡು ಬಂತು, ಅಪ್ಪಾಜಿ ಕಣ್ಣಿನ ಪೊರೆ ಆಪರೇಷನ್ನಿಗೆ ಅಂತ ಎತ್ತಿಟ್ಟಿದ್ದ ಆ ದುಡ್ಡಿಗೆ ಇನ್ನಷ್ಟು ಸಾಲ ಸೇರಿಸಿ ಪುಟ್ಟ ಒಂದೂವರೆ ಲಕ್ಷದ ಲೆನ್ಸು ತರ್ತೀನಿ ಅಂತ ಹಟ ಹಿಡಿದಿದಾನೆ, ಅಪ್ಪಾಜಿ ‘ಹುಡುಗನ ಆಸೆ, ಕಣ್ಣು ಬೇಸಿಗೆಗೆ ನೋಡಿದ್ರಾಯ್ತು’ ಅಂತಿದಾರೆ ಅಂತ ಬರೆದಿದ್ದೀಯ. ನೀನು ಅಳಬೇಡ. ಹುಡುಗ ಕೆಟ್ಟ ಚಟಕ್ಕೇನೂ ಬಿದ್ದಿಲ್ಲ, ಹುಲಿ ಸಿಂಹದ ಫೋಟೋ ತೆಗೆಯೋದು ಒಳ್ಳೇ ವಿದ್ಯೆನೇ. ಈ ಕಾಗದ ಅವನ ಕೈಲೇ ಜೋರಾಗಿ ಓದಿಸು, ಅಪ್ಪಾಜಿನೂ ಪಕ್ಕದಲ್ಲಿ ಕೂತಿರಲಿ.

ಪುಟ್ಟ, ಮೊದಲು ಲೆಕ್ಕ ನೋಡು. ನಿನ್ನ ಹತ್ತಿರ ಇರೋದು ಸಣ್ಣ ಸೆನ್ಸರಿನ (ಒಳಗೆ ಚಿತ್ರ ಬೀಳೋ ತಟ್ಟೆ) ಕ್ಯಾಮರಾ, ಅದಕ್ಕೆ 70–300 ಎಂಎಂ ಲೆನ್ಸು, ಈ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತೆ. ಆ ಸೆನ್ಸರಿನ ಅಗಲ ಸುಮಾರು 23.5 ಎಂಎಂ. 300ಕ್ಕೆ ಎಳೆದು 20 ಮೀಟರ್ ದೂರದ ಹುಲಿಗೆ ಹಿಡಿದರೆ ಫ್ರೇಮಿಗೆ ಸಿಗೋ ಅಗಲ ಒಂದೂವರೆ ಮೀಟರ್ ಚಿಲ್ಲರೆ. ಬೆಳೆದ ಗಂಡು ಹುಲಿ ಮೂತಿಯಿಂದ ಬಾಲದ ಬುಡದವರೆಗೆ ಅದಕ್ಕಿಂತ ಉದ್ದ. ಅಂದರೆ ಮೈಸೂರಿನ ಮೃಗಾಲಯದಲ್ಲಿ ಕಂದಕದಾಚೆ ಅಡ್ಡ ನಿಂತ ಹುಲಿ ಈಗಿರೋ ಲೆನ್ಸಿನ 300ರಲ್ಲೇ ಪೂರ್ತಿ ಹಿಡಿಸೋದು ಕಷ್ಟ. ನೀನು ಕೇಳ್ತಿರೋ 600ರಲ್ಲಿ ಹಿಡಿದರೆ ಮುಕ್ಕಾಲು ಮೀಟರಿನಷ್ಟು, ಅಂದರೆ ಬರೀ ತಲೆ, ಭುಜ. ನೀನು ಸಾಲ ಮಾಡಬೇಕು ಅಂತಿರೋದು ಆ ತಲೆ, ಭುಜಕ್ಕೆ. ಅದರ ಮೇಲೆ ಅಂಥ ಲೆನ್ಸು ಎರಡು ಕಿಲೋ ತೂಗುತ್ತೆ, ಅರ್ಧ ಗಂಟೆ ಕೈಯಲ್ಲಿ ಹಿಡಿದು ನಿಂತರೆ ತೋಳು ನಡುಗೋಕೆ ಶುರುವಾಗುತ್ತೆ. ಉದ್ದ ಜಾಸ್ತಿ ಆದಷ್ಟೂ ಆ ನಡುಕನೂ ದೊಡ್ಡದಾಗಿ ಬೀಳುತ್ತೆ.

ನಿನ್ನ ಫೋಟೋಗಳು ಯಾಕೆ ಮಂಕಾಗಿವೆ ಅಂತ ಕೇಳಿದ್ದೀಯಲ್ಲ, ಕಳಿಸಿದ ಹನ್ನೆರಡನ್ನೂ ಒಂದೊಂದಾಗಿ ನೋಡಿದೆ. ಒಂದರಲ್ಲೂ ಲೆನ್ಸಿನ ತಪ್ಪಿಲ್ಲ. ಏಳರಲ್ಲಿ ಪ್ರಾಣಿಗಳ ಆವರಣದ ಜಾಲರಿ ಕೆಡಿಸಿದೆ, ಮೂರರಲ್ಲಿ ಆವರಣದ ಗಾಜು, ಎರಡರಲ್ಲಿ ಶಟರ್ (ಬೆಳಕು ಒಳಬಿಡೋ ಬಾಗಿಲು) ನಿಧಾನ.

ಜಾಲರಿ ವಿಚಾರ ಸರಿಯಾಗಿ ತಲೇಲಿ ಇಟ್ಕೋ. ಹುಲಿ, ಸಿಂಹಕ್ಕೆ ಕಂದಕ ಸಾಕು. ಮರ ಹತ್ತೋ ಚಿರತೆಗೆ ಸಾಲಲ್ಲ, ಮೇಲಿನವರೆಗೂ ಜಾಲರಿ ಬೇಕು. ಆ ಜಾಲರಿ ಫೋಟೋದಿಂದ ಮಾಯ ಆಗಬೇಕಾದರೆ ಮೂರು ಸೇರಬೇಕು: ಲೆನ್ಸು ಪೂರ್ತಿ ಉದ್ದಕ್ಕೆ ಎಳೆದಿರಬೇಕು, ಅಪರ್ಚರ್, ಅಂದರೆ ಬೆಳಕು ಬರೋ ತೂತು, ಪೂರ್ತಿ ತೆರೆದಿರಬೇಕು (ನಿನ್ನದರಲ್ಲಿ 300ಕ್ಕೆ ಎಫ್ 5.6 ಅಥವಾ 6.3 ಇರುತ್ತೆ, ಎಫ್ ಅಂಕಿ ಚಿಕ್ಕದಾದಷ್ಟೂ ತೂತು ದೊಡ್ಡದು), ಪ್ರಾಣಿ ಜಾಲರಿಯಿಂದ ದೂರ ಇರಬೇಕು. 300ರಲ್ಲಿ ಎಫ್ 5.6 ಅಂದರೆ ಬೆಳಕು ಬರೋ ತೂತು ಐದು ಸೆಂಟಿಮೀಟರಿಗಿಂತ ತುಸು ದೊಡ್ಡದು. ಅದರ ಮುಂದೆ ಮೂರು ಎಂಎಂ ತಂತಿ ಬಂದರೆ ಸ್ವಲ್ಪ ಬೆಳಕು ತಡೆಯುತ್ತೆ ಅಷ್ಟೇ, ಆಕಾರ ಮೂಡಲ್ಲ. ನೀನು ಎಫ್ 11ರಲ್ಲಿ ತೆಗೆದಿದ್ದೀಯ, ತೂತು ಅರ್ಧ ಆಯ್ತು, ತಂತಿ ಬಲೆ ಬಲೆಯಾಗಿ ಚಿರತೆ ಮೈಮೇಲೆ ಕೂತಿದೆ. ಜಾಲರಿ ಮುಂದೆ ಜನ ನಿಲ್ಲೋ ಕಡೆ ಕಟಕಟೆ ಇರೋದರಿಂದ ಜಾಲರಿಗೆ ಲೆನ್ಸು ಆನಿಸೋಕೆ ಆಗಲ್ಲ, ಬಗ್ಗಿ ಕೈ ಚಾಚಲೂ ಬೇಡ, ಅದು ಯಾವ ಕಾರಣಕ್ಕೂ ಬೇಡ. ಕಟಕಟೆ ಹಿಂದಿಂದಲೇ ತೆಗೆ, ಚಿರತೆ ಜಾಲರಿಯಿಂದ ಎಂಟು ಹತ್ತು ಮೀಟರ್ ಒಳಕ್ಕೆ ಹೋಗೋವರೆಗೂ ಕಾಯಿ. ಜಾಲರಿಗೆ ಮೈ ಉಜ್ಜಿಕೊಂಡು ಓಡಾಡ್ತಿದ್ದರೆ ಕ್ಯಾಮರಾ ಇಳಿಸಿ ಸುಮ್ಮನೆ ನೋಡು, ಆಗ ಏನು ಮಾಡಿದರೂ ತಂತಿ ಬಿದ್ದೇ ಬೀಳುತ್ತೆ.

ಇದಕ್ಕಿಂತ ಮುಖ್ಯ, ಜಾಲರಿ ಮೇಲೆ ಬಿಸಿಲು ಬಿದ್ದಿದೆಯಾ ನೋಡು. ಬಿಸಿಲಿಗೆ ಹೊಳೆಯೋ ತಂತಿ ಇಡೀ ಫೋಟೋ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಪರದೆ ಎಳೆಯುತ್ತೆ. ನಿನ್ನ ಏಳರಲ್ಲಿ ನಾಲ್ಕು ಹೀಗೇ ಹೋಗಿವೆ. ಆವರಣದ ಸುತ್ತ ಒಂದು ಸಲ ನಡೆದು ಮರದ ನೆರಳು ಜಾಲರಿ ಮೇಲೆ ಬಿದ್ದಿರೋ ಜಾಗ ಹುಡುಕು, ಅಲ್ಲಿ ನಿಲ್ಲು. ಹೊಸ ಕಬ್ಬಿಣದ ಬಿಳಿ ತಂತಿಗಿಂತ ಕಪ್ಪು ಬಣ್ಣ ಬಳಿದ ಜಾಲರಿ ಒಳ್ಳೇದು. ಫೋಕಸ್ಸು ಪದೇ ಪದೇ ತಂತಿಗೇ ಹೋದರೆ ಒಂದೇ ಚುಕ್ಕಿಯ ಫೋಕಸ್ಸಿಗೆ ಹಾಕ್ಕೊಂಡು ಆ ಚುಕ್ಕಿನ ಕಣ್ಣು ಕಾಣೋ ಕಿಂಡಿಯಲ್ಲಿ ತೂರಿಸು. ಆಗಲೂ ಹಟ ಮಾಡಿದರೆ ಕೈಯಲ್ಲೇ ತಿರುಗಿಸು.

ಗಾಜಿನದ್ದು ಬೇರೆ ಪಾಠ. ಗಾಜಿಗೆ ಲೆನ್ಸು ನೇರವಾಗಿ ಇಡಬೇಕು. ದಪ್ಪ ಗಾಜಲ್ಲಿ ಓರೆಯಾಗಿ ತೆಗೆದರೆ ಮೀಸೆ ಕೂದಲೆಲ್ಲ ಎರಡೆರಡಾಗಿ ಕಾಣುತ್ತೆ. ನಿನ್ನ ಹತ್ತಿರ ಇರೋ, ಲೆನ್ಸಿನ ಮೂತಿಗೆ ಹಾಕೋ ಗಟ್ಟಿ ಹುಡ್ ಬಿಚ್ಚಿ ರಬ್ಬರ್ ಹುಡ್ ಹಾಕು. ಅದು ಕೆಲವೇ ನೂರು ರೂಪಾಯಿಯ ಸಾಮಾನು, ನೀನು ಈಗ ಕೊಳ್ಳಬೇಕಾಗಿರೋದು ಅದೊಂದೇ. ರಬ್ಬರನ್ನ ಗಾಜಿಗೆ ಒತ್ತಿ ಹಿಡಿದರೆ ಹಿಂದಿನ ಬೆಳಕು ಒಳಗೆ ನುಗ್ಗಲ್ಲ, ನಿನ್ನ ಬಿಳಿ ಅಂಗಿಯ ಪ್ರತಿಬಿಂಬವೂ ಬೀಳಲ್ಲ. ಆ ದಿನ ಕಪ್ಪು ಅಂಗಿ ಹಾಕ್ಕೊಂಡು ಹೋಗು. ಮಕ್ಕಳು ಮೂಗು ಒತ್ತಿ ಮಾಡಿದ ಜಿಡ್ಡಿನ ಗುರುತಿರುತ್ತೆ, ಮೆತ್ತನೆ ಬಟ್ಟೆಯಲ್ಲಿ ಒಂದು ಅಂಗೈ ಅಗಲ ಒರೆಸಿಕೊ. ದಪ್ಪ ಗಾಜು ಫೋಟೋಗೆ ಹಸಿರು ಛಾಯೆ ಕೊಡುತ್ತೆ, ಅದಕ್ಕೇ ‘ರಾ’ದಲ್ಲೇ (ಕ್ಯಾಮರಾ ತಿದ್ದದ ಕಚ್ಚಾ ಫೈಲು) ತೆಗೆ ಅನ್ನೋದು, ಮನೆಗೆ ಬಂದು ಬಣ್ಣ ತಿದ್ದಬಹುದು. ಫ್ಲ್ಯಾಶ್ ಯಾವತ್ತೂ ಹಾಕಬೇಡ. ಗಾಜಿಗೆ ಬಡಿದು ಬಿಳಿ ಉಂಡೆ ಬರುತ್ತೆ ಅನ್ನೋದು ಹಾಗಿರಲಿ, ಪ್ರಾಣಿ ಬೆದರುತ್ತೆ.

ಶಟರಿಗೆ ಬಾಯಿಪಾಠ ಮಾಡ್ಕೋ: ಮಲಗಿದ್ದರೆ ಸೆಕೆಂಡಿನ 1/250, ನಡೀತಿದ್ದರೆ 1/500, ಓಡಿದರೆ, ಹಾರಿದರೆ 1/1000ಕ್ಕಿಂತ ಮೇಲೆ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೋಗೆ ಬಿಟ್ಟು 6400ಕ್ಕೆ ಮೇಲಿನ ಮಿತಿ ಹಾಕು. ಕಾಳು ಕಾಳು ಬಂದ ಫೋಟೋ ಸರಿ ಮಾಡಬಹುದು, ಅಲುಗಿದ್ದನ್ನ ಯಾವ ದೇವರೂ ಸರಿ ಮಾಡಲ್ಲ. ಕರಿಚಿರತೆ ಎದುರು ಕ್ಯಾಮರಾ ಮೋಸ ಹೋಗುತ್ತೆ. ಕಪ್ಪು ನೋಡಿ ಕತ್ತಲು ಅಂದುಕೊಂಡು ಬೆಳಕು ಜಾಸ್ತಿ ಬಿಟ್ಟು ಅದನ್ನ ಬೂದಿ ಬಣ್ಣ ಮಾಡುತ್ತೆ, ಅಲ್ಲಿ ಕ್ಯಾಮರಾದ ಬೆಳಕಿನ ಹೊಂದಾಣಿಕೆ ಮೈನಸ್ 0.7ರಿಂದ ಮೈನಸ್ 1 ಇಡು. ಬಿಳಿ ಹುಲಿಗೆ ಅದರ ಉಲ್ಟಾ, ಪ್ಲಸ್ 0.7.

ಇನ್ನು ಹೊತ್ತು. ಸಿಂಹ ದಿನಕ್ಕೆ ಇಪ್ಪತ್ತು ಗಂಟೆವರೆಗೂ ಬಿದ್ದುಕೊಂಡಿರುತ್ತೆ. ನೀನು ಊಟ ಮಾಡಿಕೊಂಡು ಹನ್ನೆರಡರ ಬಸ್ಸಿಗೆ ಶ್ರೀರಂಗಪಟ್ಟಣ ಬಿಟ್ಟರೆ ಸಿಗೋದು ಮಲಗಿರೋ ಬೆನ್ನು, ನೆತ್ತಿ ಬಿಸಿಲಲ್ಲಿ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿ. ಗೇಟು ಎಂಟೂವರೆಗೆ ತೆಗೀತಾರೆ, ಮಂಗಳವಾರ ರಜಾ. ಗೇಟು ತೆಗೆಯೋ ಹೊತ್ತಿಗೆ ಅಲ್ಲಿರು, ಮಿಕ್ಕ ಜನ ಜಿರಾಫೆ ನೋಡುವಾಗ ನೀನು ನೇರ ಹುಲಿ ಹತ್ತಿರ ಹೋಗು. ಮೊದಲ ಒಂದೂವರೆ ಗಂಟೆ, ಆಮೇಲೆ ಮುಚ್ಚೋಕೆ ಮುಂಚಿನ ಒಂದು ಗಂಟೆ, ಅಷ್ಟೇ ಕೆಲಸ. ಆವರಣದ ಹುಲಿ ಗಸ್ತು ಹೊಡೆಯೋ ದಾರಿ ಒಂದೇ ಇರುತ್ತೆ. ಅದರ ಹಿಂದೆ ನೀನು ಓಡಬೇಡ, ಎರಡು ಸುತ್ತು ನೋಡಿ ತಿರುವು ಎಲ್ಲಿದೆ ಗುರುತು ಮಾಡಿ ಅಲ್ಲಿ ಫೋಕಸ್ ಇಟ್ಟು ಕಾಯಿ, ಮೂರನೇ ಸುತ್ತಿಗೆ ಮುಖ ನಿನ್ನ ಕಡೆಗೇ ತಿರುಗುತ್ತೆ. ಹಿಂದೆ ಸಿಮೆಂಟ್ ಗೋಡೆ, ಕಬ್ಬಿಣದ ಬಾಗಿಲು ಬರದ ಹಾಗೆ ಎರಡು ಹೆಜ್ಜೆ ಸರಿ. ಕಂದಕ ಇರೋ ಕಡೆ ನಾವು ಮೇಲೆ, ಪ್ರಾಣಿ ಕೆಳಗೆ ಇರುತ್ತೆ, ಬೆನ್ನೇ ದೊಡ್ಡದಾಗಿ ಬೀಳುತ್ತೆ. ಎಷ್ಟು ಆಗುತ್ತೋ ಅಷ್ಟು ಕುಕ್ಕರುಗಾಲಲ್ಲಿ ಕೂತು ಅದರ ಕಣ್ಣಿನ ಮಟ್ಟಕ್ಕೆ ಬಾ.

ಕಣ್ಣು ಅಂದೆನಲ್ಲ, ಪೂರ್ತಿ ಆಟ ಅಲ್ಲೇ ಇರೋದು. ನಮ್ಮ ಮನೆ ಬೆಕ್ಕಿನ ಪಾಪೆ ಬಿಸಿಲಿಗೆ ಭತ್ತದ ಹೊಟ್ಟಿನ ಹಾಗೆ ಸೀಳಾಗುತ್ತೆ, ಹುಲಿದು ದುಂಡಗೇ ಇದ್ದು ಚಿಕ್ಕದಾಗುತ್ತೆ. ಆ ದುಂಡು ಕಪ್ಪಿನ ಅಂಚಲ್ಲಿ ಆಕಾಶದ ಒಂದು ಬಿಳಿ ಚುಕ್ಕಿ ಬಿದ್ದರೆ ಹುಲಿಗೆ ಜೀವ ಬರುತ್ತೆ. ಮೋಡ ಕವಿದ ಬೆಳಿಗ್ಗೆ ತಲೆ ಸ್ವಲ್ಪ ಎತ್ತಿದಾಗ ಅದು ಸಿಗುತ್ತೆ. ನಿದ್ದೆಯಿಂದ ಎದ್ದ ಹುಲಿ ಸಾಮಾನ್ಯವಾಗಿ ಒಂದು ಸಲ ಆಕಳಿಸಿ ಬಿಡಲ್ಲ. ಮೊದಲನೇದು ತಪ್ಪಿತು ಅಂತ ಕ್ಯಾಮರಾ ಇಳಿಸಬೇಡ, ಬೆರಳು ಗುಂಡಿ ಮೇಲೇ ಇರಲಿ, ಎರಡನೇದು ಬಂದರೆ ನಾಲಿಗೆ ಮೇಲಿನ ಮುಳ್ಳು ಕೂಡ ಕಾಣುತ್ತೆ.

ಇಲ್ಲಿನ ಸುದ್ದಿ ಕೇಳಿದ್ದೀಯ. ಊರಾಚೆಯ ಯಾರ್ಕ್‌ಷೈರ್ ವೈಲ್ಡ್‌ಲೈಫ್ ಪಾರ್ಕ್ ಶುರುವಾಗಿದ್ದು 2009ರಲ್ಲಿ. ಮಾರನೇ ವರ್ಷ ರೊಮೇನಿಯಾದ ಒರಾಡಿಯಾ ಊರಿನ ಮೃಗಾಲಯದಿಂದ ಕಷ್ಟದಲ್ಲಿದ್ದ 13 ಸಿಂಹಗಳನ್ನ ತಂದು ಸಾಕಿದರು. ಸೈಬೀರಿಯಾ ಕಡೆಯ ಅಮೂರ್ ಹುಲಿ, ಅಮೂರ್ ಚಿರತೆ ಇವೆ. ಆ ಚಿರತೆ ಕಾಡಲ್ಲಿ ಉಳಿದಿರೋದು ಸುಮಾರು ನೂರು ಚಿಲ್ಲರೆ. ಡಿಸೆಂಬರಲ್ಲಿ ಮಧ್ಯಾಹ್ನ ಮೂರೂ ಮುಕ್ಕಾಲಿಗೆಲ್ಲ ಸೂರ್ಯ ಮುಳುಗ್ತಾನೆ, ಜನ ಫ್ಲಾಸ್ಕಲ್ಲಿ ಟೀ ತಂದು ಕೊರೆಯೋ ಚಳಿಯಲ್ಲಿ ಬೇಲಿ ಮುಂದೆ ಪಿಟ್ ಅನ್ನದೆ ನಿಂತಿರ್ತಾರೆ. ಚಳಿ ಬೆಳಿಗ್ಗೆ ಹುಲಿ ಉಸಿರು ಬಿಟ್ಟರೆ ಹಬೆ ಕಾಣುತ್ತೆ. ಅದು ಫೋಟೋದಲ್ಲಿ ಮೂಡಬೇಕಾದರೆ ಸೂರ್ಯ ಹುಲಿ ಹಿಂದಿರಬೇಕು, ಅದರಾಚೆ ಕತ್ತಲೆ ಮರಗಳಿರಬೇಕು, ಬೆಳಕು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಬೇಕು. ಹೊರಗಿನ ಚಳಿಯಿಂದ ಬೆಚ್ಚನೆ ಕೋಣೆಗೆ ಬಂದ ತಕ್ಷಣ ಚೀಲ ಬಿಚ್ಚಿದರೆ ಗಾಜೆಲ್ಲ ಬೆವರುತ್ತೆ, ಅರ್ಧ ಗಂಟೆ ಮುಚ್ಚಿದ ಚೀಲದಲ್ಲೇ ಬಿಡಬೇಕು. ಇಲ್ಲಿನವರು ತಮ್ಮ ಪಾರ್ಕಿನ ಬಗ್ಗೆ ಹೇಳಿಕೊಳ್ಳುವಾಗ ನಾನೂ ಹೇಳ್ತೀನಿ: ನಮ್ಮ ಮೈಸೂರಿನದು 1892ರಲ್ಲಿ ಚಾಮರಾಜೇಂದ್ರ ಒಡೆಯರು ಕಟ್ಟಿಸಿದ್ದು ಅಂತ. ನಂಬಲ್ಲ ಕೆಲವರು. ನೀನು ಬಸ್ಸಿಗೆ ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ತಲುಪೋ ಜಾಗ ಅದು. ಅದನ್ನ ಬಿಟ್ಟು ಸಾಲದ ಲೆನ್ಸಿನ ಕನಸು ಕಾಣಬೇಡ.

ಕಬಿನಿಗೆ ಹೋಗಬೇಕು ಅಂತಿದ್ದೀಯ. ಹೋಗು, ಆದರೆ ಮೃಗಾಲಯದಲ್ಲಿ ಒಂದು ವರ್ಷ ಕೈ ಪಳಗಲಿ. ಸಫಾರಿಯಲ್ಲಿ ಉದ್ದದ ಲೆನ್ಸಿಗೆ ಕ್ಯಾಮರಾ ಶುಲ್ಕನೂ ಜಾಸ್ತಿ. ದಾರಿ ದಾಟೋ ಹುಲಿಗೆ 300 ಸಾಕು. ದೂರದ ಹಿನ್ನೀರಿನ ದಡದಲ್ಲಿರೋದಕ್ಕೆ 600 ಇದ್ದರೂ ಬಿಸಿಲೇರಿದ ಮೇಲೆ ನೆಲದಿಂದ ಏಳೋ ಝಳದಲ್ಲಿ ಚಿತ್ರ ನೀರಿನ ಹಾಗೆ ಅಲ್ಲಾಡುತ್ತೆ, ಆ ಝಳವನ್ನ ಯಾವ ಲೆನ್ಸೂ ದಾಟಲ್ಲ. ಗಾಡಿ ಕಂಬಿ ಮೇಲೆ ಲೆನ್ಸು ಊರೋಕೆ ಅಮ್ಮ ಒಂದು ಚೀಲ ಹೊಲಿದು ಕೊಡಲಿ, ಹಳೇ ಜೀನ್ಸ್ ಕಾಲು ಸಾಕು. ಎರಡು ಕಿಲೋ ಹುರುಳಿ ತುಂಬಿಸಿ ಮುಕ್ಕಾಲು ಭಾಗ ಮಾತ್ರ, ಬಿಗಿಯಾದರೆ ಲೆನ್ಸು ಉರುಳುತ್ತೆ. ರಾಗಿ ಬೇಡ, ಹೊಲಿಗೆ ಸಂದಿಯಿಂದ ಸೋರಿ ಲೆನ್ಸಿನ ಉಂಗುರಕ್ಕೆ ಸೇರುತ್ತೆ. ಧೂಳಲ್ಲಿ ಲೆನ್ಸು ಬಿಚ್ಚಬೇಡ. ಫೋಟೋ ತೆಗೆಯೋಕೆ ಗಾಡಿ ಎಂಜಿನ್ ಆರಿಸೋವರೆಗೆ ಕಾಯಿ.

ಒಂದು ಮಾತು ಮಾತ್ರ ಕಟ್ಟುನಿಟ್ಟು. ಗದ್ದೆ ಬಯಲಿನ ಕಬ್ಬಲ್ಲಿ ಚಿರತೆ ಮರಿ ಹಾಕಿದೆ, ರಾತ್ರಿ ಟಾರ್ಚ್ ತಗೊಂಡು ಹೋಗ್ತೀನಿ ಅಂದೆಯಂತೆ. ಕೂಡದು. ಕಟಾವಿನಲ್ಲಿ ಮರಿ ಸಿಕ್ಕರೆ ಮುಟ್ಟಬಾರದು, ಕೆಲಸ ನಿಲ್ಲಿಸಿ ಜನ ಎಲ್ಲ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸಬೇಕು. ತಾಯಿ ಸಾಮಾನ್ಯವಾಗಿ ಕತ್ತಲಾದ ಮೇಲೆ ಬಂದು ಎತ್ತಿಕೊಂಡು ಹೋಗುತ್ತೆ. ಆ ಹೊತ್ತಲ್ಲಿ ಮನುಷ್ಯ ಅಲ್ಲಿರಬಾರದು.

ಅಪ್ಪಾಜಿ, ಈಗ ನಿಮಗೆ. ಬೇಸಿಗೆವರೆಗೆ ಕಾಯೋದು ಬೇಡ. ಪೊರೆ ಪೂರ್ತಿ ಬಲಿತರೆ ಗಟ್ಟಿಯಾಗುತ್ತೆ, ತೆಗೆಯೋದು ಡಾಕ್ಟರಿಗೂ ಕಷ್ಟ. ಈಗ ಮಾಡಿಸಿದರೆ ಒಂದು ಕಣ್ಣಿಗೆ ಅರ್ಧ ಗಂಟೆ ಕೂಡ ಹಿಡಿಯಲ್ಲ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸ್ತಾರೆ. ಹೆದರೋದು ಏನೂ ಇಲ್ಲ, ಖಂಡಿತ ಇಲ್ಲ, ನೋವೂ ಗೊತ್ತಾಗಲ್ಲ. ಸಕ್ಕರೆ ಮಾತ್ರ ಹತೋಟಿಯಲ್ಲಿಟ್ಟುಕೊಂಡು ಹೋಗಿ. ಕಬ್ಬಿನ ದುಡ್ಡು ಮೊದಲು ನಿಮ್ಮ ಕಣ್ಣಿನ ಲೆನ್ಸಿಗೆ. ಪುಟ್ಟನ ರಬ್ಬರ್ ಹುಡ್ಡು, ಬಸ್ ಚಾರ್ಜು, ಮೃಗಾಲಯದ ಟಿಕೆಟ್ಟು, ಕ್ಯಾಮರಾ ಶುಲ್ಕ ವರ್ಷಪೂರ್ತಿ ನನ್ನದು. ತಿಂಗಳಿಗೆ ಹತ್ತು ಫೋಟೋ ಕಳಿಸಲಿ, ಹತ್ತಕ್ಕೂ ತಪ್ಪು ಒಪ್ಪು ಬರೆದು ಕಳಿಸ್ತೀನಿ. ಮಳೆಗಾಲ ಬರೋದರೊಳಗೆ ಅವನ ಲೆನ್ಸನ್ನ ಬೀರುವಿನ ಬಟ್ಟೆ ಮಧ್ಯದಿಂದ ತೆಗೆಸಿ, ಬೂಷ್ಟು ಹಿಡಿಯುತ್ತೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಲಿ.

ಅಮ್ಮ, ನೀನು ನಿಶ್ಚಿಂತೆಯಿಂದಿರು. ನಿನ್ನ ಸರ ಬ್ಯಾಂಕಿಗೆ ಹೋಗಲ್ಲ, ಹುಡುಗ ಹುಲಿ ಬಾಯಿಗೂ ಹೋಗಲ್ಲ. ನಾನಿದ್ದೀನಿ. ಎಲ್ಲ ಸರಿ ಹೋಗುತ್ತೆ.

ಶಿಫ್ಟಿಗೆ ಹೊತ್ತಾಯ್ತು, ಇಲ್ಲಿಗೆ ನಿಲ್ಲಿಸ್ತೀನಿ. ಚಿಕ್ಕಿಗೆ, ಅಜ್ಜಿಗೆ ನಮಸ್ಕಾರ ಹೇಳಿ. ಆಪರೇಷನ್ ತಾರೀಖು ಗೊತ್ತಾದ ದಿನವೇ ಫೋನ್ ಮಾಡಿ, ರಾತ್ರಿ ಎಷ್ಟೇ ಹೊತ್ತಾಗಿರಲಿ.

ಇಂತಿ ನಿಮ್ಮ ಮಗಳು