ಬಂಡಿದಾರಿ ನಕ್ಷೆಯಲ್ಲಿದೆ, ಹೊಲದಲ್ಲಿಲ್ಲ

ಮಾನ್ಯ ಸಂಪಾದಕರೆ,

ಇಂಗ್ಲೆಂಡ್‌ನ ಹಳ್ಳಿ ಎಂದರೆ ನಮ್ಮವರಿಗೆ ಕ್ಯಾಲೆಂಡರ್ ಚಿತ್ರ. ಹಸಿರು ದಿನ್ನೆ, ಮುಳ್ಳುಬೇಲಿ, ನಡುವೆ ಚರ್ಚಿನ ಗೋಪುರ, ಸದ್ದಿಲ್ಲದ ಓಣಿ. ಹೊಲದ ಮಧ್ಯೆ ಹಾದು ಆ ಚರ್ಚಿನ ಕಡೆ ಹೋಗುವ ಸಣ್ಣ ಕಾಲುದಾರಿಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆ ದಾರಿಯ ಮೇಲೆ ನೇಗಿಲು ಹೊಡೆದವನು 14 ದಿನದೊಳಗೆ ಅದನ್ನು ಮೊದಲಿನಂತೆ ಸಮ ಮಾಡಿ, ಕನಿಷ್ಠ 1 ಮೀಟರ್ ಅಗಲ ಬಿಟ್ಟುಕೊಡಬೇಕೆಂದು ಅಲ್ಲಿ 1990ರ ಕಾಯ್ದೆ ಹೇಳುತ್ತದೆ. ಹೊಲದ ಅಂಚಿಗೆ ಹೋಗುವ ದಾರಿಯಾದರೆ ನೇಗಿಲು ಮುಟ್ಟಿಸುವಂತೆಯೇ ಇಲ್ಲ. ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ಹೊಲದ ದಾರಿಗಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯುವುದನ್ನು ಕಂಡವರಿಗೆ ಈ ಒಂದು ಮೀಟರಿನ ಬೆಲೆ ತಿಳಿದೀತು.

ಪ್ಯಾರಿಷ್ ಎಂದರೆ ಮೂಲದಲ್ಲಿ ಒಂದು ಚರ್ಚಿಗೆ ಸೇರಿದ ಊರಿನ ಸೀಮೆ. ತನ್ನ ಸೀಮೆಯ ರಸ್ತೆಗಳ ರಿಪೇರಿ ಪ್ಯಾರಿಷ್‌ನದೇ ಎಂದು 1555ರಲ್ಲೇ ಕಾಯ್ದೆಯಾಯಿತು. ಊರಿನವರು ವರ್ಷಕ್ಕೆ 4 ದಿನ, 1563ರಿಂದ 6 ದಿನ ಬಿಟ್ಟಿ ದುಡಿಯಬೇಕಿತ್ತು. 1894ರಲ್ಲಿ ಚುನಾಯಿತ ಪ್ಯಾರಿಷ್ ಕೌನ್ಸಿಲ್‌ಗಳು ಬಂದವು. ನಮ್ಮ ಗ್ರಾಮ ಪಂಚಾಯಿತಿಗೆ ದೂರದ ದಾಯಾದಿ ಅನ್ನಿ. ಇದರ ನಡುವೆ, 1604ರಿಂದ 1914ರವರೆಗೆ, ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯ್ದೆ ಮಾಡಿ ಬಯಲು ಹೊಲ, ಗಾಯರಾಣಗಳನ್ನು ಹಂಚಿ ಬೇಲಿ ಹಾಕಿಸಿತು. ಒಟ್ಟು ಸುಮಾರು 68 ಲಕ್ಷ ಎಕರೆ. ಬಡವರು ದನ ಮೇಯಿಸುವ ನೆಲ ಕಳೆದುಕೊಂಡದ್ದು ಆಗಲೇ, ಅದನ್ನು ಮರೆಯುವಂತಿಲ್ಲ. ಆದರೆ ಹಂಚುವಾಗ ರಸ್ತೆಗೆ 30 ಅಡಿ, 40 ಅಡಿ ಎಂದು ಕಾಗದದಲ್ಲಿ ಬರೆದಿಟ್ಟರು. ಅಲ್ಲಿನ ಎಷ್ಟೋ ಓಣಿಗಳ ಎರಡೂ ಬದಿಗೆ ಅಗಲವಾದ ಹುಲ್ಲಂಚು ಇಂದಿಗೂ ಉಳಿದಿರುವುದು ಆ ಬರಹದಿಂದ. 1949ರ ಕಾಯ್ದೆಯ ನಂತರ ಕಾಲುದಾರಿಗಳ ನಕ್ಷೆಯೂ ಆಯಿತು. ಹೆಚ್ಚಿನ ಕಡೆ ಪ್ಯಾರಿಷ್‌ನವರೇ ನಡೆದು ಪಟ್ಟಿ ಕೊಟ್ಟರು. ಆ ನಕ್ಷೆಯಲ್ಲಿರುವ ದಾರಿಯನ್ನು ಯಾರೂ ಇಲ್ಲ ಅನ್ನುವಂತಿಲ್ಲ.

ಹಾಗೆಂದು ನಮ್ಮಲ್ಲಿ ಕಾಗದ ಇಲ್ಲವೆಂದಲ್ಲ. ಗ್ರಾಮ ನಕ್ಷೆಯಲ್ಲಿ ಜೋಡಿ ಚುಕ್ಕಿಗೆರೆ ಕಂಡರೆ ಬಂಡಿದಾರಿ, ಒಂಟಿ ಚುಕ್ಕಿಗೆರೆ ಕಂಡರೆ ಕಾಲುದಾರಿ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಮಿನ ಪ್ರಕಾರ ಸಾರ್ವಜನಿಕ ದಾರಿ, ಹಳ್ಳ, ಕೆರೆ ಎಲ್ಲ ಸರ್ಕಾರದ ಸ್ವತ್ತು. ಒತ್ತಿಕೊಂಡವರನ್ನು ತೆರವು ಮಾಡಿಸಲು 104ನೇ ಕಲಮು ಇದೆ. ಅಗಲ ಎಷ್ಟೆಂಬುದನ್ನು ಮಾತ್ರ ಲೆಕ್ಕ ಹಾಕಿ ತೆಗೆಯಬೇಕು. ಸರ್ವೆ ನಂಬರುವಾರು ವಿಸ್ತೀರ್ಣ ಬರೆದ ದಾಖಲೆಯಾದ ಆಕಾರ್‌ಬಂದಿನಲ್ಲಿ ಆ ನಂಬರಿನ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ, ನೋಡಿ. ಎ ಖರಾಬು ಅಲ್ಲ, ಅದು ಹಿಡುವಳಿದಾರನ ಕಣ, ಕಲ್ಲುಪಡೆಯ ಲೆಕ್ಕ. ಬಿ ಖರಾಬು ಪೂರ್ತಿ ದಾರಿಯದೇ ಆಗಿದ್ದು 10 ಗುಂಟೆ ಇದೆ ಅನ್ನಿ. ಗುಂಟೆಗೆ 1,089 ಚದರ ಅಡಿಯಂತೆ 10,890 ಆಯಿತು. ಆ ನಂಬರಿನೊಳಗೆ ದಾರಿಯ ಉದ್ದ 660 ಅಡಿ ಇದ್ದರೆ ಅಗಲ ಹದಿನಾರೂವರೆ ಅಡಿ, ಅಂದರೆ 16 ಆಣೆಯ 33 ಅಡಿ ಸರಪಳಿಯಲ್ಲಿ 8 ಆಣೆ. ಲೆಕ್ಕ ಹೀಗೆ ಪೂರ್ಣವಾಗಿ ಕೂಡಿಬಂದರೆ ಅಳೆದವರು ಅರ್ಧ ಸರಪಳಿ ಬಿಟ್ಟಿದ್ದಾರೆಂದೇ ತಿಳಿಯಿರಿ. ಹಳ್ಳವೂ ಅದೇ ನಂಬರಿನಲ್ಲಿ ಹರಿದಿದ್ದರೆ ಅದರ ಗುಂಟೆ ಕಳೆಯದೆ ಭಾಗಿಸಬೇಡಿ. ದಾರಿಗೆ ಇಲ್ಲದ ಅಗಲ ಬಂದು ಜಗಳ ಹೆಚ್ಚುತ್ತದೆ.

ನಮ್ಮ ಮೂರು ಜಿಲ್ಲೆಗೆ ಇನ್ನೊಂದು ತೊಡಕಿದೆ. ಬಳ್ಳಾರಿ ಮದ್ರಾಸಿನಿಂದ 1953ರಲ್ಲಿ, ರಾಯಚೂರು-ಕೊಪ್ಪಳ ಹೈದರಾಬಾದಿನಿಂದ 1956ರಲ್ಲಿ ಮೈಸೂರಿಗೆ ಸೇರಿದವು. ಹಳೆಯ ಮದ್ರಾಸ್ ಅಳತೆ ಪುಸ್ತಕದ ಅಂಕಿ ಲಿಂಕಿನಲ್ಲಿರುತ್ತದೆ, 66 ಅಡಿ ಸರಪಳಿಯ ನೂರರಲ್ಲಿ ಒಂದು ಪಾಲು. 25 ಎಂದು ಬರೆದದ್ದನ್ನು 25 ಅಡಿ ಎಂದು ಓದಿದರೆ ಕೆಟ್ಟಿತು. ಅದು ಹದಿನಾರೂವರೆ ಅಡಿ. ರಾಯಚೂರು ಕಡೆ 1954-55ರ ಖಾಸ್ರಾ ಪಹಣಿಯಿಂದ (ಹೈದರಾಬಾದ್ ಕಾಲದ ಜಮೀನು ದಾಖಲೆ) ಹಿಂದಕ್ಕೆ ಹೋಗಬೇಕಾದರೆ ಉರ್ದು ಓದಬಲ್ಲವರನ್ನು ಕರೆದುಕೊಂಡೇ ಹೋಗಬೇಕು. ಮೊಬೈಲಿನ ದಿಶಾಂಕ್ ಆ್ಯಪ್ ಯಾವ ನಂಬರಿನಲ್ಲಿ ನಿಂತಿದ್ದೇವೆಂದು ತಿಳಿಯಲು ಸಾಕು. ದಾರಿಯ ಅಗಲಕ್ಕೆ ಅದನ್ನು ನಂಬಬಾರದು, ಕೆಲವು ಮೀಟರ್ ಆಚೀಚೆ ತೋರಿಸಿದರೆ ಇಡೀ ಬಂಡಿದಾರಿಯೇ ಪಕ್ಕದ ಹೊಲಕ್ಕೆ ಹೋಗಿರುತ್ತದೆ. ಸರ್ವೆಯವರು ನೆಟ್ಟ ಗಡಿಕಲ್ಲು, ಅಂದರೆ ಬಾಂದುಕಲ್ಲು, ಹುಡುಕಿ ಅಲ್ಲಿಂದಲೇ ಅಳೆಯಿಸಬೇಕು.

ದಾರಿ ಹೋಗುವುದು ಒಂದೇ ದಿನದಲ್ಲಲ್ಲ. ಹರಗುವಾಗ ಒಂದು ಸಾಲು ಹೆಚ್ಚಿಗೆ, ವರ್ಷಕ್ಕೆ ಮುಕ್ಕಾಲು ಅಡಿ. ಹನ್ನೆರಡು ವರ್ಷಕ್ಕೆ ಒಂದು ಬದಿಯಿಂದ 9 ಅಡಿ ಹೋಯಿತು. ಎದುರಿನವನೇನೂ ಸುಮ್ಮನೆ ಕೂತಿರುವುದಿಲ್ಲ.

ನಕ್ಷೆಯಲ್ಲಿಲ್ಲದ, ರೂಢಿಯಿಂದ ನಡೆದ ದಾರಿಯ ಮಾತು ಬೇರೆ. ಇದು ಗೊತ್ತಿಲ್ಲದೆ ತಹಶೀಲ್ದಾರರಿಗೆ ಅರ್ಜಿ ಮೇಲೆ ಅರ್ಜಿ ಕೊಟ್ಟು ವರ್ಷ ಕಳೆಯುವವರೇ ಹೆಚ್ಚು. 1882ರ ಅನುಭೋಗ ಹಕ್ಕಿನ ಕಾಯ್ದೆಯ 15ನೇ ಕಲಮಿನಂತೆ 20 ವರ್ಷ ಅಡೆತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ ಓಡಾಡಿದ್ದನ್ನು ಸಿವಿಲ್ ಕೋರ್ಟಿನಲ್ಲಿ ರುಜುವಾತು ಮಾಡಬೇಕು. 'ನಿಮ್ಮ ಹೊಲದಾಗಿಂದ ಹೋಗಲೇನು' ಎಂದು ವರ್ಷ ವರ್ಷ ಕೇಳಿಕೊಂಡು ಹೋದದ್ದು ಹಕ್ಕಾಗುವುದಿಲ್ಲ, ಅದು ಅನುಮತಿ. ಇಂಗ್ಲೆಂಡ್‌ನಲ್ಲೂ ಲೆಕ್ಕ 20 ವರ್ಷವೇ, ಅಲ್ಲಿನ 1980ರ ಹೆದ್ದಾರಿ ಕಾಯ್ದೆಯ 31ನೇ ಕಲಮು. ಆದರೆ ಅಲ್ಲಿ ಜನರೆಲ್ಲ ನಡೆದ ದಾರಿ ಜನರೆಲ್ಲರದಾಗುತ್ತದೆ. ನಮ್ಮಲ್ಲಿ ಹೀಗೆ ಬರುವ ಹಕ್ಕು ಆ ಒಂದು ಹೊಲಕ್ಕೆ ಮಾತ್ರ.

ದಾರಿ ಬಿಡಿಸಿದ ಮೇಲೆ ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಮಸಾರಿ ಕೆಂಪು ನೆಲದಲ್ಲಿ ಅಷ್ಟು ಚಿಂತೆಯಿಲ್ಲ. ಎರೆ ಕಪ್ಪು ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ದಪ್ಪ ಕಲ್ಲು ಸುರಿದರೆ ಎರಡೇ ಮಳೆಗೆ ನುಂಗುತ್ತದೆ. ಮೊದಲು ಎರಡೂ ಬದಿ ಗಟಾರ ತೋಡಿ, ಆ ಮಣ್ಣನ್ನೇ ನಡುವೆ ಏರಿಸಿ ದಾರಿಯನ್ನು ಹೊಲಕ್ಕಿಂತ ಒಂದು ಅಡಿಯಾದರೂ ಎತ್ತರ ಮಾಡಬೇಕು. 12 ಅಡಿ ದಾರಿಗೆ ನಡುಬೆನ್ನು ಅಂಚಿಗಿಂತ 3 ಇಂಚು ಮೇಲಿರಲಿ. ಮೇಲೆ ಗರಸನ್ನು 8 ಇಂಚು ಹರವಿ, ನೀರು ಚಿಮುಕಿಸಿ, ರೋಲರ್ ಹೊಡೆದರೆ 6 ಇಂಚಿಗೆ ಕೂರುತ್ತದೆ. ಒಂದು ಕಿಲೋಮೀಟರಿಗೆ ಬ್ರಾಸಿಗೆ 100 ಘನ ಅಡಿಯಂತೆ ಸುಮಾರು 262 ಬ್ರಾಸ್ ಬೇಕು, ಅಂದರೆ ಹೆಚ್ಚುಕಡಿಮೆ ಅಷ್ಟೇ ಟ್ರ್ಯಾಕ್ಟರ್ ಟ್ರೇಲರ್. ಅಂದಾಜುಪಟ್ಟಿಯಲ್ಲಿ 100 ಟ್ರಿಪ್ ಬರೆದಿದ್ದರೆ ರೋಲರ್ ಹೊಡೆದ ಮೇಲೆ ಎರಡು ಇಂಚು ಚಿಲ್ಲರೆ ಉಳಿಯುತ್ತದೆ. ಆ ದಾರಿ ಉದ್ಘಾಟನೆಗೆ ಮಾತ್ರ ಸಾಕು.

ಗಂಗಾವತಿ, ಸಿಂಧನೂರಿನ ಭತ್ತದ ಸೀಮೆಯಲ್ಲಿ ದಾರಿಯನ್ನು ಕೆಡಿಸುವುದು ಮಳೆಗಿಂತ ಹೊಲಗಾಲುವೆ. ಆಚೆ ಹೊಲಕ್ಕೆ ನೀರು ಒಯ್ಯಲು ರಾತ್ರಿ ಗುದ್ದಲಿಯಿಂದ ದಾರಿ ಕಡಿಯುತ್ತಾರೆ, ಮುಚ್ಚುವವರು ಯಾರೂ ಇಲ್ಲ. ನೀರು ದಾಟುವ ಜಾಗ ಮೊದಲೇ ಗುರುತಿಸಿ ಸಿಮೆಂಟ್ ಪೈಪ್ ಹಾಕಿಬಿಡಬೇಕು. ಒಂದು ಅಡಿಗಿಂತ ಸಣ್ಣ ಪೈಪು ಹುಲ್ಲು, ಹೂಳು ಸೇರಿ ಕಟ್ಟಿಕೊಳ್ಳುತ್ತದೆ. ಮೇಲೆ ಒಂದೂವರೆ ಅಡಿ ಮಣ್ಣಿಲ್ಲದಿದ್ದರೆ ಭತ್ತ ತುಂಬಿದ ಟ್ರೇಲರ್ ಅದನ್ನು ಒಡೆಯುತ್ತದೆ. ಕೊಯ್ಯುವ ಮಷಿನ್ನಿನ ಮುಂಭಾಗವೇ 14 ಅಡಿ ಇರುವುದುಂಟು. ಗಾಡಿಯ ಕಾಲದ 8 ಅಡಿ ದಾರಿಯಲ್ಲಿ ಅದು ಹೋಗುವುದು ಅಕ್ಕಪಕ್ಕದ ಬದು ಮುರಿದೇ.

ಇನ್ನು ಬೇಲಿ. ಇಂಗ್ಲೆಂಡ್‌ನವರ ಹಾಥಾರ್ನ್ ಮುಳ್ಳುಬೇಲಿಗೂ ಕಟ್ಟಳೆ ಇದೆ, ಹಕ್ಕಿ ಗೂಡು ಕಟ್ಟುವ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಬೇಸಾಯದ ಹೊಲದ ಬೇಲಿ ಕತ್ತರಿಸುವಂತಿಲ್ಲ. ನಮ್ಮ ಪಕ್ಕದ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಗೆ ಅಂಥ ದಯೆ ಬೇಕಿಲ್ಲ. ಕುರಿ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಬಿಡುತ್ತದೆ, ಕುರಿ ನಡೆಯುವ ದಾರಿಯೇ ಮೊದಲು ಮುಚ್ಚುತ್ತದೆ. ನೆಲಮಟ್ಟಕ್ಕೆ ಕಡಿದರೆ ಒಂದಕ್ಕೆ ಹತ್ತು ಚಿಗುರು. ಬುಡವನ್ನು ನೆಲದಿಂದ ಒಂದು ಅಡಿ ಕೆಳಗೆ ಅಗೆದು ತೆಗೆದರೆ ಮಾತ್ರ ಸಾಯುತ್ತದೆ. ಆ ಜಾಗಕ್ಕೆ ಲಕ್ಕಿ, ಆವರಿಕೆ, ಸೀತಾಫಲ ಹಚ್ಚಬಹುದು, ಗಟಾರದ ಆಚೆ ಬದಿಗೆ.

ಇಂಗ್ಲೆಂಡ್‌ನ ಕೆಲವು ಪ್ಯಾರಿಷ್‌ಗಳಲ್ಲಿ ವರ್ಷಕ್ಕೊಮ್ಮೆ ಊರಿನವರು ಕೋಲು ಹಿಡಿದು ಸೀಮೆಯ ಗಡಿಕಲ್ಲುಗಳನ್ನು ಬಡಿಯುತ್ತ ಸುತ್ತು ಬರುವ ಪದ್ಧತಿ ಇದೆ. ಗಡಿ ಮುಂದಿನವರಿಗೆ ನೆನಪಿರಲೆಂದು ಹುಡುಗರನ್ನು ಕರೆದೊಯ್ಯುತ್ತಿದ್ದರು. ನಮಗೆ ಎಳ್ಳ ಅಮಾವಾಸ್ಯೆ ಇದೆ. ಅಂದು ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಲು ಗಾಡಿಯಲ್ಲಿ ಹೋಗಲಾಗದೆ ಬುಟ್ಟಿ ತಲೆ ಮೇಲೆ ಹೊತ್ತು ನಡೆಯುವ ಮನೆಗಳನ್ನು ಎಣಿಸಿದರೆ, ಎಷ್ಟು ದಾರಿ ಮುಚ್ಚಿವೆ ಎಂಬುದಕ್ಕೆ ಬೇರೆ ಸಮೀಕ್ಷೆ ಬೇಡ. ಆ ಪಟ್ಟಿ ಹಿಡಿದು ಗ್ರಾಮ ಪಂಚಾಯಿತಿಗಳು ಠರಾವು ಮಾಡಲಿ. ಗ್ರಾಮ ನಕ್ಷೆಯ ದೊಡ್ಡ ಪ್ರತಿ ತರಿಸಿ, ಪ್ರತಿ ಬಂಡಿದಾರಿಗೂ ನಂಬರು, ಅಗಲ ಬರೆದು ಪಂಚಾಯಿತಿ ಗೋಡೆಗೆ ಹಾಕಲಿ. ಅಳತೆಯನ್ನು ಮಾತ್ರ ಬೆಳೆ ನಿಂತಾಗ ಇಟ್ಟುಕೊಳ್ಳಬಾರದು. ಜೋಳದ ಸೀಮೆಯಲ್ಲಿ ರಾಶಿ ಮುಗಿದ ಮಾರ್ಚ್, ನೀರಾವರಿಯಲ್ಲಿ ಎರಡನೇ ಬೆಳೆ ಕೊಯ್ದು ಕಾಲುವೆ ಬಂದಾದ ಮೇಲಿನ ಕೆಲವು ವಾರ, ಅಷ್ಟೇ ಸಿಗುವುದು.

ಇಂತಿ,
ಒಬ್ಬ ನಿವೃತ್ತ ಭೂಮಾಪಕ
ಕೊಪ್ಪಳ